ಅಪ್‌ಡೇಟ್: ಪ್ರೋಬ್ ಕೆಟ್ಟಿರಲಿಲ್ಲ, ಡಬ್ಬಿ ಚಿಕ್ಕದಾಗಿತ್ತು

ಹೋದ ತಿಂಗಳು ಕೇಳಿದ್ದೆ. ಹುಬ್ಬಳ್ಳಿಯ ನಮ್ಮ ಕಾಲೇಜಿನಲ್ಲಿ ಮಾಡಿದ 10 ಸೆಂ.ಮೀ. ಕ್ಯೂಬ್‌ಸ್ಯಾಟ್ (ಡಬ್ಬಿಯಂಥ ಪುಟ್ಟ ಉಪಗ್ರಹ) ಮಾದರಿಯಲ್ಲಿ ಲ್ಯಾಂಗ್ಮ್ಯೂರ್ ಪ್ರೋಬ್ ಇದೆ, ಅಂದರೆ ಪ್ಲಾಸ್ಮಾಗೆ (ಎಲೆಕ್ಟ್ರಾನ್ ಮತ್ತು ಪಾಸಿಟಿವ್ ಅಯಾನ್ ಬಿಡಿಬಿಡಿಯಾಗಿರುವ ಅನಿಲ) ಚಾಚಿ, ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಲೋಹದ ಕಡ್ಡಿ. ಪ್ಲಾಸ್ಮಾ ಚೇಂಬರ್‌ನಲ್ಲಿ ವೋಲ್ಟೇಜ್ ಎಷ್ಟು ಏರಿಸಿದರೂ ಕರೆಂಟ್ ಒಂದು ಹಂತಕ್ಕೆ ನಿಂತುಬಿಡುತ್ತೆ, ಯಾಕೆ ಅಂತ. ಕಾರಣ ಸಿಕ್ಕಿತು!

ನಿಮ್ಮಲ್ಲೊಬ್ಬರು ಹೇಳಿದಂತೆ ಡಬ್ಬಿಯನ್ನು ಚೇಂಬರ್ ಗ್ರೌಂಡ್‌ಗೆ ಕಟ್ಟಿ ನೋಡಿದೆವು. ವೋಲ್ಟೇಜ್-ಕರೆಂಟ್ ಗ್ರಾಫ್ ಸರಿ ಬಂತು. ಗ್ರೌಂಡ್ ಬಿಚ್ಚಿ ಡಬ್ಬಿಯನ್ನು ಸುಮ್ಮನೆ ತೂಗುಹಾಕಿದರೆ ಮತ್ತೆ ಅದೇ ತೊಂದರೆ. ಪ್ರೋಬ್ ಎಲೆಕ್ಟ್ರಾನ್ ಎಳೆದುಕೊಂಡಷ್ಟು ಡಬ್ಬಿಯ ಮೈ ಅಯಾನ್ ಹಿಡಿಯಬೇಕು, ಆದರೆ ಬಾಹ್ಯಾಕಾಶದ ಆಕ್ಸಿಜನ್ ಅಯಾನ್ ಎಲೆಕ್ಟ್ರಾನ್‌ಗಿಂತ ಸುಮಾರು 29,000 ಪಟ್ಟು ಭಾರ, ನಿಧಾನ, ಅಷ್ಟು ಚಿಕ್ಕ ಮೈಗೆ ಅದು ಸಾಲುವುದಿಲ್ಲ. ಆಗ ಡಬ್ಬಿಯೇ ನೆಗೆಟಿವ್ ಆಗುತ್ತೆ. ಉಣಕಲ್ ಕೆರೆಯಲ್ಲಿ ದೋಣಿ ಮೇಲೆ ನಿಂತು ದಡ ನೂಕಿದರೆ ದೋಣಿ ತಾನೇ ಸರಿಯೋದು, ಅಲ್ವಾ? ಹಾಗೆ. ಇದರಿಂದ ಗ್ರಾಫ್ ಹಿಗ್ಗಿ, ಅದರಿಂದ ಲೆಕ್ಕ ಹಾಕುವ ಎಲೆಕ್ಟ್ರಾನ್ ಬಿಸಿಯೂ (ತಾಪಮಾನ) ಇರುವುದಕ್ಕಿಂತ ಜಾಸ್ತಿ ತೋರಿಸುತ್ತಿತ್ತು.

ಈಗ ಕಡಿಮೆ ಕರೆಂಟ್ ಎಳೆಯಲಿ ಅಂತ ದಪ್ಪ ಪ್ರೋಬ್ ತೆಗೆದು ತೆಳು ಸೂಜಿ ಹಾಕಿದ್ದೇವೆ. ಮುಂದೆ ಓಸ್ಲೋ ವಿಶ್ವವಿದ್ಯಾಲಯದ ದಾರಿ ಹಿಡಿಯುವ ಆಸೆ. 2017ರಲ್ಲಿ ಹಾರಿದ ನಾರ್ವೆಯ ಉಪಗ್ರಹ ನಾರ್‌ಸ್ಯಾಟ್-1ರಲ್ಲಿ ಅವರದು ಹಲವು ಸೂಜಿ, ಒಂದೊಂದಕ್ಕೂ ಬೇರೆ ಬೇರೆ ಸ್ಥಿರ ವೋಲ್ಟೇಜ್. ಉಪಗ್ರಹದ ಮೈಯ ವೋಲ್ಟೇಜ್ ಸರಿದರೆ ಎಲ್ಲ ಸೂಜಿಗೂ ಒಂದೇ ಸಮ ಸರಿಯುತ್ತೆ, ಹಾಗಾಗಿ ವ್ಯತ್ಯಾಸ ತೆಗೆದಾಗ ಆ ದೋಷ ಕಳೆದುಹೋಗಿ ಎಲೆಕ್ಟ್ರಾನ್ ಸಾಂದ್ರತೆ ಉಳಿಯುತ್ತೆ. ಎಷ್ಟು ಚೆಂದದ ಯೋಚನೆ!

ಸಹಾಯ ಮಾಡಿದ ಅಣ್ಣಂದಿರಿಗೆ, ಅಕ್ಕಂದಿರಿಗೆ ತುಂಬಾ ಥ್ಯಾಂಕ್ಸ್. ಸೂಜಿಯ ಮೊದಲ ಗ್ರಾಫ್ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.