ಸಹಾಯ ಬೇಕು: ತುಮಕೂರಿನಲ್ಲಿ ಪ್ಲಾಂಕ್ಟನ್ ಬಲೆ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ಕೋಪೆಪಾಡ್‌ಗಳು (ಸೀಗಡಿಯ ಬಳಗದ ಪುಟ್ಟ ಜಲಜೀವಿಗಳು) ಜೋಡಿ ಹುಡುಕುವುದನ್ನು ತೋರಿಸಬೇಕು. ಸಮುದ್ರದ ಟೆಮೋರಾ ಜಾತಿಯಲ್ಲಿ ಹೆಣ್ಣು ಈಜಿದ ದಾರಿಯಲ್ಲಿ ವಾಸನೆಯ ಜಾಡು ಉಳಿಯುತ್ತದೆ. ಮಿಲಿಮೀಟರ್ ಉದ್ದದ ಗಂಡು ಅದನ್ನೇ ಹಿಡಿದು ತಿರುವು ತಿರುವಿನಲ್ಲೂ ಹಿಂಬಾಲಿಸುತ್ತದೆ. ಕೆಲವೊಮ್ಮೆ ಉಲ್ಟಾ ದಿಕ್ಕಿಗೆ ಹೋಗಿ ವಾಪಸ್ ಬರುವುದೂ ಉಂಟು, ಪಾಪ! ಟೈಗ್ರಿಯೋಪಸ್ ಎಂಬ ಇನ್ನೊಂದು ಕೋಪೆಪಾಡ್‌ನ ಗಂಡು ಹೆಣ್ಣಿನ ಮೈಮೇಲಿನ ಪ್ರೋಟೀನುಗಳನ್ನು ಮುಟ್ಟಿ ಗುರುತಿಸುತ್ತದೆ.

ನಮಗೆ ಕಡಲೆಲ್ಲಿ, ಇರುವುದು ಅಮಾನಿಕೆರೆ. ಅಲ್ಲಿ ಸೈಕ್ಲಾಪ್ಸ್, ಡಯಾಪ್ಟಮಸ್ ಎಂಬ ಸಿಹಿನೀರಿನ ಕೋಪೆಪಾಡ್‌ಗಳು ಸಿಕ್ಕರೂ ಸಾಕು. ಸಣ್ಣ ಕಣ್ಣಿನ ಬಲೆ, ಸ್ಟೀರಿಯೋ ಮೈಕ್ರೋಸ್ಕೋಪ್ ಒಂದು ವಾರದ ಮಟ್ಟಿಗೆ ಯಾರಾದರೂ ಕೊಡುತ್ತೀರಾ? ಸೈಕ್ಲಾಪ್ಸ್ ಗಂಡಿಗೆ ಎರಡೂ ಕುಡಿಮೀಸೆ ಬಾಗಿರುತ್ತವೆ, ಡಯಾಪ್ಟಮಸ್‌ಗೆ ಬಲಗಡೆಯದು ಮಾತ್ರ. ಅದನ್ನು ನೋಡಿ ಬೇರೆ ಮಾಡಿ ಅಭ್ಯಾಸ ಇರುವವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಬಸ್ ಚಾರ್ಜು, ಊಟ ನನ್ನದು.