ಹಳೇ ಗಾಲ್ಫ್ ಚೆಂಡಿನೊಳಗೆ ರಬ್ಬರ್ ದಾರ ಯಾಕೆ?

ಬಿಚ್ಚಿನೋಡು:
ಹಳೇ ಸಾಮಾನಿನ ಡಬ್ಬದಲ್ಲಿ ಸಿಪ್ಪೆ ಬಿರುಕುಬಿಟ್ಟ ಒಂದು ಗಾಲ್ಫ್ ಚೆಂಡಿತ್ತು. ಸುಮ್ನೆ ಎಸೆಯೋಕೆ ಮನಸ್ಸಾಗದೆ ಗರಗಸ ಹಾಕಿದೆ. ಒಳಗೆ ಬರೀ ತೆಳ್ಳಗಿನ ರಬ್ಬರ್ ದಾರ! ಗರಗಸ ತಾಗಿದಲ್ಲೆಲ್ಲ ಪಟಪಟ ಅಂತ ಕಿತ್ತು ಚಿಮ್ಮುತ್ತಿದೆ. ಹೊಸ ಚೆಂಡಿನೊಳಗೆ ಗಟ್ಟಿ ಗುಂಡು ಇರುತ್ತೆ ಅಲ್ವಾ? ದಾರ ಯಾವಾಗ ಹೋಯಿತು? ಮೇಲಿನ ಗುಳಿಗಳನ್ನು ಯಾರಾದರೂ ಲೆಕ್ಕ ಹಾಕಿ ಕಂಡುಹಿಡಿದರಾ?

ಅಚ್ಚುಮನೆ:
ಮೊದಲು ಒಂದು ಮಾತು. ಗರಗಸ ಅಲ್ಲೇ ನಿಲ್ಲಿಸಿ. ಕೆಲವು ದಾರದ ಚೆಂಡುಗಳ ನಡುವೆ ಒತ್ತಡದಲ್ಲಿರುವ ದ್ರವದ ಪುಟ್ಟ ಚೀಲ ಇರುತ್ತದೆ. ಅದು ಒಡೆದು ಕಣ್ಣಿಗೆ ಪೆಟ್ಟಾದದ್ದಿದೆ.

ನಾನು ರಬ್ಬರ್ ಅಚ್ಚಿನ ಕೆಲಸದವನು, ಹಾಗಾಗಿ ಉತ್ತರ ಸ್ವಲ್ಪ ಆ ಕಡೆಗೇ ವಾಲುತ್ತದೆ. ಶುರುವಿನ ಚೆಂಡು ತೊಗಲಿನದು, ಒಳಗೆ ಗರಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಅಲನ್ ರಾಬರ್ಟ್‌ಸನ್ ಇದಕ್ಕೆ ಹೆಸರುವಾಸಿ. ಒದ್ದೆ ತೊಗಲಿನ ಚೀಲ ಹೊಲಿದು, ಒಂದು ಸಣ್ಣ ಕಿಂಡಿ ಬಿಟ್ಟು, ಒಂದು ಟೋಪಿ ತುಂಬುವಷ್ಟು ಒದ್ದೆ ಗರಿಯನ್ನು ಕಬ್ಬಿಣದ ಕಡ್ಡಿಯಿಂದ ಒಳಗೆ ತುರುಕಬೇಕು. ಕೈಬಲ ಸಾಲದೆ ಕಡ್ಡಿಗೆ ಎದೆ ಕೊಟ್ಟು ಒತ್ತುತ್ತಿದ್ದರು. ಒಣಗುವಾಗ ಗರಿ ಹಿಗ್ಗುತ್ತದೆ, ತೊಗಲು ಕುಗ್ಗುತ್ತದೆ, ಚೆಂಡು ಕಲ್ಲಿನಂತಾಗುತ್ತದೆ. ಒಳ್ಳೆ ಕೆಲಸಗಾರನಿಗೂ ದಿನಕ್ಕೆ ಮೂರ್ನಾಲ್ಕು ಚೆಂಡೇ ಜಾಸ್ತಿ. ಮಳೆಯಲ್ಲಿ ನೆನೆದರೆ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು.

1848ರ ಸುಮಾರಿಗೆ ಗಟ್ಟಾಪರ್ಚಾ ಬಂತು. ಮಲಯದ ಕಡೆಯ ಮರದ ಅಂಟು ಅದು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದರೆ ಚೆಂಡು ರೆಡಿ, ಒಡೆದರೆ ಮತ್ತೆ ಕಾಯಿಸಿ ಕಟ್ಟಬಹುದು. ರಾಬರ್ಟ್‌ಸನ್‌ಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ, ಪಾಪ. ಈ ವಿಷಯಕ್ಕೇ ಜಗಳವಾಗಿ ಅವರ ಕೈಕೆಳಗಿದ್ದ ಟಾಮ್ ಮಾರಿಸ್ ಹೊರನಡೆದರು.

ಗುಳಿಯನ್ನು ಯಾರೂ ಲೆಕ್ಕ ಹಾಕಿ ತಂದದ್ದಲ್ಲ. ನುಣ್ಣಗಿನ ಹೊಸ ಗಟ್ಟಾ ಚೆಂಡು ಹೊಡೆದರೆ ಬೇಗ ನೆಲಕ್ಕೆ ಬೀಳುತ್ತಿತ್ತು. ಆಡಿ ಆಡಿ ಗಾಯವಾದದ್ದು ಮಾತ್ರ ಚೆನ್ನಾಗಿ ಹಾರುತ್ತಿತ್ತು. ಅದನ್ನು ನೋಡಿಯೇ ಹೊಸ ಚೆಂಡಿಗೂ ಸುತ್ತಿಗೆಯಲ್ಲಿ ಗೀರು ಹಾಕತೊಡಗಿದರು. ಆಮೇಲೆ ಆ ಕೆಲಸ ಅಚ್ಚಿಗೆ ಬಂತು, ಮೇಲೆಲ್ಲ ಉಬ್ಬು ಉಬ್ಬು. ಉಬ್ಬಿನ ಬದಲು ಗುಳಿ ಅಂತ 1905ರಲ್ಲಿ ಪೇಟೆಂಟ್‌ಗೆ ಹೋದವರು ಇಂಗ್ಲೆಂಡಿನ ವಿಲಿಯಂ ಟೇಲರ್.

ನಿಮ್ಮ ದಾರ ಅಮೆರಿಕದ ಆಕ್ರನ್ ಊರಿನ ಕೊಡುಗೆ. 1898ರಲ್ಲಿ ಕೋಬರ್ನ್ ಹ್ಯಾಸ್ಕೆಲ್ ಅಲ್ಲಿನ ಗುಡ್‌ರಿಚ್ ರಬ್ಬರ್ ಕಂಪನಿಯ ಬರ್ಟ್ರಾಮ್ ವರ್ಕ್ ಜೊತೆ ಸೇರಿ, ರಬ್ಬರ್ ದಾರವನ್ನು ಬಿಗಿಯಾಗಿ ಎಳೆದು ಸುತ್ತುವ ಚೆಂಡು ಮಾಡಿದರು. ಕೈಯಲ್ಲಿ ಸುತ್ತೋದು ರೇಜಿಗೆ. ಅದೇ ಕಂಪನಿಯ ಜಾನ್ ಗ್ಯಾಮಿಟರ್ ಸುತ್ತುವ ಯಂತ್ರ ಕಟ್ಟಿದ ಮೇಲೆಯೇ ವ್ಯಾಪಾರ ಕುದುರಿದ್ದು. 1902ರಲ್ಲಿ ಸ್ಯಾಂಡಿ ಹರ್ಡ್ ಈ ಚೆಂಡಲ್ಲಿ ಬ್ರಿಟಿಷ್ ಓಪನ್ ಪಂದ್ಯಾವಳಿ ಗೆದ್ದರು. ಗಟ್ಟಾ ಕಥೆ ಅಲ್ಲಿಗೆ ಮುಗಿಯಿತು.

ಗಾಳಿಲೆಕ್ಕ:
ಗುಳಿಯ ಕೆಲಸ ಇಷ್ಟೇ. ನುಣ್ಣಗಿನ ಚೆಂಡಿನ ಮೈಯಿಂದ ಗಾಳಿ ಬೇಗ ಬಿಟ್ಟುಹೋಗುತ್ತದೆ, ಬೆನ್ನ ಹಿಂದೆ ಅಗಲವಾದ ಸುಳಿ ಉಳಿದು ಚೆಂಡನ್ನು ಹಿಂದಕ್ಕೆಳೆಯುತ್ತದೆ. ಗುಳಿಗಳು ಮೈಗಂಟಿದ ತೆಳು ಗಾಳಿಯನ್ನು ಕಲಕುತ್ತವೆ. ಕಲಕಿದ ಗಾಳಿ ಇನ್ನಷ್ಟು ದೂರ ಅಂಟಿಕೊಂಡಿರುತ್ತದೆ, ಸುಳಿ ಕಿರಿದಾಗುತ್ತದೆ, ಎಳೆತ ಸುಮಾರು ಅರ್ಧಕ್ಕಿಳಿಯುತ್ತದೆ. ಹಿಮ್ಮುಖ ತಿರುಗು ಚೆಂಡನ್ನು ಮೇಲೆತ್ತುತ್ತದೆ ಅನ್ನೋದನ್ನು ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲೇ ಬರೆದಿದ್ದರು. ಮಗ ಫ್ರೆಡ್ಡಿ ದೊಡ್ಡ ಆಟಗಾರ, ಮನೆಯಲ್ಲೇ ಪ್ರಯೋಗಶಾಲೆ!

ಬಿಚ್ಚಿನೋಡು:
ಗರಗಸ ಕೆಳಗಿಟ್ಟೆ 😄 ಹಾಗಾದ್ರೆ ದಾರ ಹೋಗಿದ್ದು?

ಅಚ್ಚುಮನೆ:
ಹಂತಹಂತವಾಗಿ. ದಾರದ ಮೇಲಿನ ಬಲಾಟಾ ಅನ್ನೋ ರಬ್ಬರಿನಂಥ ಸಿಪ್ಪೆ ತುಂಬ ಮೆತ್ತಗೆ, ಒಂದು ತಪ್ಪು ಹೊಡೆತಕ್ಕೆ ಸೀಳುತ್ತಿತ್ತು. 1960ರ ದಶಕದಲ್ಲಿ ಡುಪಾಂಟ್‌ನ ಸರ್ಲಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಬಂತು. ಪಾಲಿಬ್ಯುಟಡೈನ್ ರಬ್ಬರಿನ ಒಂದೇ ಗುಂಡು, ಮೇಲೆ ಸರ್ಲಿನ್. ದೂರ ಹೋಗುತ್ತದೆ, ಬಾಳಿಕೆ ಬರುತ್ತದೆ, ಆದರೆ ತಿರುಗು ಕಮ್ಮಿ. ಅದಕ್ಕೇ ದೊಡ್ಡ ಆಟಗಾರರು ದಾರ ಬಿಡಲಿಲ್ಲ. 2000ದ ಅಕ್ಟೋಬರಿನಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಚೆಂಡು ಬಂತು. ಗಟ್ಟಿ ಗುಂಡಿನ ಮೇಲೆ ತೆಳ್ಳನೆ ಯುರಿಥೇನ್ ಸಿಪ್ಪೆ, ದೂರವೂ ಸಿಕ್ಕಿತು ತಿರುಗೂ ಸಿಕ್ಕಿತು. ದೊಡ್ಡ ಆಟಗಾರರೂ ಬೇಗನೆ ಆ ಕಡೆ ವಾಲಿದರು.

ನನಗೆ ಇಷ್ಟವಾಗೋದು ಜೋಡಣೆಯ ಗೆರೆ. ಎರಡು ಅಚ್ಚು ಕೂಡುವ ಕಡೆ ಹಳೇ ಚೆಂಡಿನಲ್ಲಿ ಗುಳಿಯಿಲ್ಲದ ನೇರ ಪಟ್ಟಿ ಕಾಣುತ್ತದೆ. ಈಗ ಎಷ್ಟೋ ಚೆಂಡುಗಳಲ್ಲಿ ಗೆರೆಯೇ ಅಂಕುಡೊಂಕು, ಗುಳಿಗಳು ಒಂದರೊಳಗೊಂದು ಕೂರುತ್ತವೆ. ಗುಳಿಯ ಆಳ ಸುಮಾರು ಕಾಲು ಮಿಲಿಮೀಟರ್. ಗೆರೆ ಉಜ್ಜುವಾಗ ಸ್ವಲ್ಪ ಹೆಚ್ಚಾದರೂ ಅಂಚೇ ಸವೆದುಹೋಗುತ್ತದೆ.

ಕ್ಯಾಲಿಪರ್ ಇದ್ದರೆ ಗರಗಸ ತಾಗದ ಕಡೆ ಚೆಂಡಿನ ವ್ಯಾಸ ನೋಡಿ. 42.67 ಮಿ.ಮೀ. ಬಂದರೆ ಅಮೆರಿಕನ್ ಅಳತೆ. 41.15ರ ಹತ್ತಿರ ಬಂದರೆ ಬ್ರಿಟಿಷ್ ಸಣ್ಣ ಚೆಂಡು, 1990ರಲ್ಲಿ ನಿಯಮದಿಂದ ಹೊರಬಿದ್ದದ್ದು. ಎಷ್ಟು ಬಂತು ಅಂತ ಇಲ್ಲೇ ಹಾಕಿ.