ಕೋರ್ಟಿನ ಪ್ರತಿ ವಾಯಿದೆಗೂ ಆರೋಪಿ ಬರಲೇಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು (ದಾವಣಗೆರೆ): ತಮ್ಮನ ಮೇಲೆ ಇಲ್ಲಿ ಚೆಕ್ ಬೌನ್ಸ್ ಕೇಸಿದೆ. ಅವನ ಕೆಲಸ ಪುಣೆಯಲ್ಲಿ. ಖುದ್ದು ಹಾಜರಾಗೋದರಿಂದ ಖಾಯಂ ವಿನಾಯಿತಿ ತಗೊಂಡವರು ಇದ್ದೀರಾ?

ಚಳ್ಳಕೆರೆಯ ಶೇಂಗಾ ವ್ಯಾಪಾರಿ: ನನ್ನದೂ ಚೆಕ್ ಕೇಸೇ. ಮಗಳ ಹೆರಿಗೆಯ ದಿನ ಒಂದೇ ಒಂದು ವಾಯಿದೆ ತಪ್ಪಿತು. ಜೂನಿಯರ್ ವಕೀಲರು ಗೈರುಹಾಜರಿ ಅರ್ಜಿ ಹಾಕಲಿಲ್ಲ. ಜಾಮೀನಿಲ್ಲದ ವಾರಂಟ್ ಆಯಿತು. ಪೊಲೀಸರು ಮಂಡಿಗೇ ಬಂದರು, ಹಮಾಲರೆಲ್ಲ ನೋಡುತ್ತಾ ನಿಂತಿದ್ದರು. ವಾರಂಟ್ ರೀಕಾಲಿಗೆ (ಹಿಂಪಡೆಯೋಕೆ) 500 ದಂಡ, ವಕೀಲರಿಗೆ 3,000, ಹೊಸ ಜಾಮೀನಿಗೆ ಭಾವನ ಪಹಣಿ, ಅವರನ್ನು ಕರೆತಂದ ಕಾರಿಗೆ 1,800. ಆಮೇಲೆ 41 ವಾಯಿದೆ, ಒಂದೂ ತಪ್ಪಿಸಿಲ್ಲ.

ಪಿ.ಜೆ. ಬಡಾವಣೆ, ದಾವಣಗೆರೆ: ಯಜಮಾನ್ರೇ, ಸುಮ್ನೆ ಹೆದರಿಸಬೇಡಿ. ನಾನು ಹಳೆ ದಂಡ ಪ್ರಕ್ರಿಯಾ ಸಂಹಿತೆಯ 205ನೇ ಕಲಂನಲ್ಲಿ ಖಾಯಂ ವಿನಾಯಿತಿ ತಗೊಂಡೆ. ಈಗ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 228. ಭಾಸ್ಕರ್ ಇಂಡಸ್ಟ್ರೀಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ದಾರಿ ತೋರಿಸಿದೆ. ಆರೋಪಿ ನಾನೇ ಎಂಬುದಕ್ಕೆ ತಕರಾರಿಲ್ಲ, ನಾನಿಲ್ಲದಾಗ ಸಾಕ್ಷಿ ಆದರೂ ಆಕ್ಷೇಪವಿಲ್ಲ ಎಂದು ಬರೆದುಕೊಟ್ಟೆ. ಮೂರೇ ಸಲ ಬಂದೆ.

ಚಿತ್ರದುರ್ಗದಿಂದ: ಹಾಗೆ ಬರೆದುಕೊಟ್ಟೇ ನಾನು ಕೆಟ್ಟೆ. ನನ್ನದು ಹೊಡೆದಾಟದ ಕೇಸು. ಸಂಜೆ ಏಳೂವರೆಗೆ ಬೋರ್‌ವೆಲ್ ಹತ್ತಿರ ನನ್ನನ್ನು ಕಂಡೆ ಅಂತ ಸಾಕ್ಷಿ ಹೇಳಿದ. ಅಲ್ಲಿ ದೀಪವೇ ಇರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ನಾನಿರಲಿಲ್ಲ, ವಕೀಲರು ಪಾಟಿ ಸವಾಲಿನಲ್ಲಿ ಕೇಳಲಿಲ್ಲ. ಆರೋಪಿಯ ಎದುರಿಗೇ ಸಾಕ್ಷಿ ಆಗಬೇಕು ಅಂತ 273ನೇ ಕಲಂ ಇದ್ದದ್ದು ನಮಗೋಸ್ಕರ. ಈಗಿನ 308ರಲ್ಲೂ ಅದೇ ಇದೆ. ಅದು ಹಕ್ಕು. ನಾನೇ ಬಿಟ್ಟುಕೊಟ್ಟೆ.

ಪಿ.ಜೆ. ಬಡಾವಣೆ: ಚೆಕ್ ಕೇಸಲ್ಲಿ ದೀಪದ ಮಾತು ಯಾಕೆ? ಚೆಕ್ ವಾಪಸ್ ಆಯಿತು ಅನ್ನೋ ಬ್ಯಾಂಕ್ ಮೆಮೊ ಇರುತ್ತದೆ, ಅಲ್ವಾ?

ಚಿತ್ರದುರ್ಗದಿಂದ: ಖಾಲಿ ಚೆಕ್ ಯಾವಾಗ, ಯಾಕೆ ಕೊಟ್ಟಿದ್ದು ಅಂತ ಮೆಮೊ ಹೇಳುತ್ತದಾ? ಮೂರು ಸಲ ಬಂದು ಗೆದ್ದವರಿಗೆ ಸೋತವನ ಮಾತು ಹಗುರ.

ಹಿರಿಯೂರು: ಹೊಸ ಕಾನೂನಲ್ಲಿ ಆರೋಪಿ ಬರದಿದ್ದರೂ ತೀರ್ಪು ಕೊಟ್ಟುಬಿಡುತ್ತಾರಂತೆ!

ವಕೀಲರ ಗುಮಾಸ್ತ, ಹೊಳಲ್ಕೆರೆ: ತಪ್ಪು ಹಬ್ಬಿಸಬೇಡಿ. 356ನೇ ಕಲಂ ಘೋಷಿತ ಅಪರಾಧಿಗೆ. ಹತ್ತು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಕೇಸಿನಲ್ಲಿ ತಲೆಮರೆಸಿಕೊಂಡವರ ಮಾತು ಅದು. ಅಲ್ಲೂ ಆರೋಪ ಹೊರಿಸಿ 90 ದಿನ ಕಾಯಬೇಕು. ಇನ್ನು ಶೇಂಗಾ ಅಣ್ಣಾ, ಎಲ್ಲದಕ್ಕೂ ಜೂನಿಯರ್‌ಗಳನ್ನು ಬೈಯಬೇಡಿ. ಕಕ್ಷಿದಾರರು ಬರೋದಿಲ್ಲ ಅಂತ ಹೇಳೋದೇ ಬೆಳಗ್ಗೆ ಹತ್ತೂವರೆಗೆ.

ಚಳ್ಳಕೆರೆಯ ಶೇಂಗಾ ವ್ಯಾಪಾರಿ: ನಾನು ಹಿಂದಿನ ದಿನ ಸಂಜೆಯೇ ಹೋಗಿದ್ದೆ. ಆಸ್ಪತ್ರೆ ಚೀಟಿ ಅವರ ಕೈಗೇ ಕೊಟ್ಟು ಬಂದಿದ್ದೆ.